ಕಾಮಾಲೆಯ ಬೆನ್ನಿಗೆ ಬರುವ ಜೋಮು

ಕಾಮಾಲೆಯೆಂದೊಡನೆ ನಮಗೆ ನೆನಪಾಗುವುದು ಕಣ್ಣಿನ ಹಳದಿ, ನೆಲನೆಲ್ಲಿ, ಪಥ್ಯ. ಯಕೃತ್ತಿನ ಈ ಸೋಂಕು ನರಗಳ ತಂಟೆಗೂ ಹೋದೀತೆಂದು ಬಹುಕಾಲ ನಾನೂ ಎಣಿಸಿರಲಿಲ್ಲ.

1916ರಲ್ಲಿ, ಯುದ್ಧಕಾಲದ ಫ್ರಾನ್ಸಿನಲ್ಲಿ, ಗಿಯಾನ್, ಬಾರೆ, ಸ್ಟ್ರೋಲ್ ಎಂಬ ಮೂವರು ವೈದ್ಯರು ಇಬ್ಬರು ಸೈನಿಕರ ಕೈಕಾಲುಗಳಲ್ಲಿ ಕಂಡ ನಿಶ್ಶಕ್ತಿಯನ್ನು ವರ್ಣಿಸಿದರು. ವ್ಯಾಧಿಗೆ ಮೊದಲಿಬ್ಬರ ಹೆಸರು ನಿಂತಿತು. ಪಾಪ, ಸ್ಟ್ರೋಲರನ್ನು ಲೋಕ ಮರೆಯಿತು. ಸೋಂಕಿನ ಮೇಲೆ ಹೋರಾಡಲೆಂದು ಎದ್ದ ದೇಹದ ರಕ್ಷಣಾಶಕ್ತಿಯು ಗುರಿತಪ್ಪಿ ತನ್ನದೇ ನರಗಳ ಹೊದಿಕೆಯನ್ನು ಕೆಡಿಸುವುದೇ ಈ ವ್ಯಾಧಿಯ ಬಗೆ.

ಇದಕ್ಕೆ ಮುನ್ನ ಸಾಮಾನ್ಯವಾಗಿ ಭೇದಿಯೋ ನೆಗಡಿಯೋ ಬಂದಿರುತ್ತದೆ. ಹೆಪಟೈಟಿಸ್ 'ಇ' ಕೂಡ ಇದಕ್ಕೆ ಕಾರಣವಾಗಬಲ್ಲುದು. ನಮ್ಮಲ್ಲಿ ಅದು ಹರಡುವುದು ಹೆಚ್ಚಾಗಿ ಮಲಿನ ನೀರಿನಿಂದ. 1955–56ರಲ್ಲಿ ದಿಲ್ಲಿಯ ಸುಮಾರು 29,000 ಜನರಿಗೆ ಕಾಮಾಲೆ ತಂದದ್ದು ಇದೇ ವೈರಸ್. 2014ರಲ್ಲಿ ಪ್ರಕಟವಾದ ನೆದರ್ಲೆಂಡ್ಸಿನ ಅಧ್ಯಯನವೊಂದರಲ್ಲಿ, ಗಿಯಾನ್-ಬಾರೆ ತಗುಲಿದ 201 ಮಂದಿಯ ಪೈಕಿ 10 ಜನರ ರಕ್ತದಲ್ಲಿ ಇದರ ಹೊಸ ಸೋಂಕಿನ ಗುರುತಿತ್ತು; ಅಷ್ಟೇ ಸಂಖ್ಯೆಯ ಆರೋಗ್ಯವಂತರಲ್ಲಿ ಒಬ್ಬರಿಗೆ ಮಾತ್ರ.

ಹೀಗಾಗುವುದು ಅಪರೂಪ, ನಿಜ. ಆದರೆ ಪಾದದಲ್ಲಿ ಹುಟ್ಟಿದ ಜೋಮು ಮೇಲೇರಿ, ಮೆಟ್ಟಿಲು ಹತ್ತಲಾಗದಂತಾದರೆ, ಅದನ್ನು ಕಾಮಾಲೆಯ ಸುಸ್ತೆಂದು ಬಗೆದು ಮನೆಯಲ್ಲಿ ಕೂರಲಾಗದು. ದಿನಗಳಲ್ಲೇ ಉಸಿರಾಟದ ಸ್ನಾಯುಗಳೂ ಸೋಲಬಹುದು. ರಕ್ತದ ಪ್ಲಾಸ್ಮಾ ಬದಲಿಸುವ ಅಥವಾ ಇಮ್ಯುನೋಗ್ಲಾಬ್ಯುಲಿನ್ ನೀಡುವ ಚಿಕಿತ್ಸೆ ಹೆಚ್ಚು ಫಲಿಸುವುದು ಮೊದಲ ಎರಡು ವಾರಗಳಲ್ಲಿ.