ಬಿಸಿಲನ್ನು ಬೀದಿಯಲ್ಲೇ ನಿಲ್ಲಿಸುವ ಕಿಟಕಿ

ಬೆಂಗಳೂರಿನ ಚಾಮರಾಜಪೇಟೆಯ ಅಡ್ಡರಸ್ತೆಯೊಂದರ ಈ ಮನೆಯಲ್ಲಿ ಮಾರ್ಚ್‌ನಿಂದ ಮೇ ಮುಗಿಯುವವರೆಗೆ ಕಿಟಕಿಗಳಿಗೂ ಒಂದು ದಿನಚರಿ ಇರುತ್ತದೆ. ಬೆಳಗಿನ ತಿಂಡಿ ಮುಗಿಯುವ ಹೊತ್ತಿಗೆ ಪೂರ್ವದ ಕಿಟಕಿಯ ಹೊರಬಾಗಿಲು ಮುಚ್ಚುತ್ತದೆ. ಬಿಸಿಲು ಮಾಳಿಗೆ ಏರಿದ ಮೇಲೆ ಅದರ ಪಟ್ಟಿಗಳು ಅರ್ಧ ತೆರೆದುಕೊಳ್ಳುತ್ತವೆ. ಅಷ್ಟರಲ್ಲಿ ಪಶ್ಚಿಮದ ಕಿಟಕಿಗಳ ಸರದಿ. ಅಲ್ಲಿ ಬಿಸಿಲು ಇನ್ನೂ ಬಿದ್ದೇ ಇರುವುದಿಲ್ಲ, ಆದರೂ ಊಟಕ್ಕೆ ಎಲೆ ಹಾಕುವ ಮುಂಚೆ ಅವು ಮುಚ್ಚಿರಲೇಬೇಕು. ದೀಪ ಹಚ್ಚುವ ವೇಳೆಗೆ ಎಲ್ಲವೂ ಹಾರುಹೊಡೆದು ತೆರೆದು, ರಾತ್ರಿಯಿಡೀ ಹಾಗೇ ಇರುತ್ತವೆ.

ಈ ದಿನಚರಿ ನಡೆಸುವವರು ಎಂಬತ್ತು ದಾಟಿದ ಅಜ್ಜಿ. ಕೈಯಲ್ಲಿ ಗಡಿಯಾರವಿಲ್ಲ, ನಡುಮನೆಯ ಕೆಂಪು ಗಾರೆನೆಲದ ಮೇಲೆ ಬಿಸಿಲು ಎಲ್ಲಿಗೆ ಬಂದಿದೆ ಎಂದು ನೋಡಿ ಏಳುತ್ತಾರೆ. ಮೊಣಕಾಲು ನೋವು. ಆದರೆ ಕಿಟಕಿಯ ಕೆಲಸವನ್ನು ಮಾತ್ರ ಇನ್ನೊಬ್ಬರಿಗೆ ಬಿಟ್ಟುಕೊಟ್ಟಿಲ್ಲ. ‘ಬಿಸಿಲು ಒಳಗೆ ಬಂದ್ಮೇಲೆ ಓಡ್ಸಕ್ಕಾಗಲ್ಲ ಕಣಪ್ಪ, ಬರೋ ಮುಂಚೇನೇ ತಡೀಬೇಕು. ಫ್ಯಾನ್ ಹಾಕಿದ್ರೆ ಅದೇ ಬಿಸಿಗಾಳಿ ತಿರುಗತ್ತೆ ಅಷ್ಟೆ’ ಎಂದರು. ಇದನ್ನು ಕಲಿಸಿದ್ದು ಅವರ ಅತ್ತೆ. ಮಾಳಿಗೆಯ ಮೇಲೆ ಸಂಡಿಗೆ ಇಡುತ್ತಾ ಕೂತೇ ‘ಪಡುವಣದ್ದು ಹಾಕಿದ್ಯೇನೇ?’ ಎಂದು ಕೂಗುತ್ತಿದ್ದರಂತೆ. ಒಂದು ದಿನ ಮರೆತು ಮಲಗಿದರೆ ಆ ಕೋಣೆಯ ಗೋಡೆ ರಾತ್ರಿ ಹತ್ತು ಗಂಟೆಗೂ ಬೆಚ್ಚಗಿರುತ್ತಿತ್ತು. ಗೋಡೆ ಮುಟ್ಟಿ ನೋಡಿಯೇ ಅತ್ತೆಗೆ ಗೊತ್ತಾಗಿಬಿಡುತ್ತಿತ್ತು.

ಆ ಕಿಟಕಿಯ ರಚನೆಯನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ತೇಗದ ದಪ್ಪ ಚೌಕಟ್ಟು, ನಡುವೆ ಉದ್ದಕ್ಕೆ ಕಬ್ಬಿಣದ ಸರಳು. ಸರಳಿನ ಒಳಬದಿಗೆ ಗಾಜಿನ ಬಾಗಿಲು, ಹೊರಬದಿಗೆ ಪಟ್ಟಿ ಬಾಗಿಲು. ಪಟ್ಟಿ ಬಾಗಿಲು ಮೇಲೆ ಎರಡು, ಕೆಳಗೆ ಎರಡು. ಕೆಳಗಿನ ಜೋಡಿಯನ್ನು ಮುಚ್ಚಿ ಮೇಲಿನದನ್ನು ತೆರೆದರೆ ಬೀದಿಯವರ ಕಣ್ಣಿಗೆ ಮನೆ ಕಾಣದು, ಗಾಳಿಗೂ ತಡೆಯಿಲ್ಲ. ಮಲಗಿದವರಿಗೆ ಗಾಳಿ ಬೇಕೆಂದರೆ ಕೆಳಗಿನದನ್ನು ತೆರೆದರಾಯಿತು. ಒಂದೇ ಕಿಟಕಿ, ಬೇಕೆಂದಾಗ ಬೇಕಾದಷ್ಟೇ ತೆರೆಯುವ ನಾಲ್ಕು ಭಾಗ.

ನನ್ನನ್ನು ಈ ಮನೆಗೆ ಕರೆತಂದದ್ದು ಆ ಪಟ್ಟಿಗಳ ನಡುವೆ ನೆಟ್ಟಗೆ ನಿಂತಿರುವ ಒಂದು ಕಡ್ಡಿ. ಹೆಬ್ಬೆರಳಿನ ದಪ್ಪವೂ ಇಲ್ಲದ, ತಲೆಮಾರುಗಳ ಕೈ ತಾಗಿ ನುಣುಪಾದ ಮರದ ಕಡ್ಡಿ. ಬಾಗಿಲಿನ ಪ್ರತಿ ಪಟ್ಟಿಯ ಎರಡು ತುದಿಗೂ ಪುಟ್ಟ ಗೂಟಗಳಿವೆ. ಅವು ಚೌಕಟ್ಟಿನ ಎರಡು ಬದಿಯ ತೂತುಗಳಲ್ಲಿ ಕೂತು ತಿರುಗುತ್ತವೆ. ಪ್ರತಿ ಪಟ್ಟಿಯ ಅಂಚಿನಿಂದಲೂ ಒಂದೊಂದು ತಂತಿ ಕೊಂಡಿ ಕಡ್ಡಿಗೆ ಸಿಕ್ಕಿಕೊಂಡಿದೆ. ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಆಡಿಸಿದರೆ ಸಾಕು, ಅಷ್ಟೂ ಪಟ್ಟಿಗಳು ಒಟ್ಟಿಗೆ ವಾಲುತ್ತವೆ. ಪೂರಾ ಮುಚ್ಚಿದಾಗ ಕವಳಿಗೆಯಲ್ಲಿ ಜೋಡಿಸಿದ ವೀಳ್ಯದೆಲೆಯಂತೆ ಒಂದರ ಮೇಲೊಂದು ಕೂರುತ್ತವೆ. ಅರ್ಧ ತೆರೆದಾಗ ಪಟ್ಟಿಯ ಹೊರ ಅಂಚು ಕೆಳಕ್ಕೆ ಇಳಿದಿರುತ್ತದೆ. ಮೇಲಿನಿಂದ ಬರುವ ಬಿಸಿಲು ಪಟ್ಟಿಯ ಬೆನ್ನಿಗೆ ಬಡಿದು, ಬೆಳಕಷ್ಟೇ ಚೂರು ಚದುರಿ ಸೂರಿನತ್ತ ಹೋಗುತ್ತದೆ. ಗಾಳಿ ಸಂದಿಯಿಂದ ನುಸುಳುತ್ತದೆ. ಮಳೆಹನಿ ಪಟ್ಟಿಯ ಮೇಲೆ ಜಾರಿ ಹೊರಗೇ ಬೀಳುತ್ತದೆ. ಒಳಗೆ ನಿಂತವರಿಗೆ ಬೀದಿ ಕಾಣುತ್ತದೆ, ಬೀದಿಯವರಿಗೆ ಅವರು ಕಾಣುವುದಿಲ್ಲ. ಹೊಸಿಲು ದಾಟಲು ಹಿಂಜರಿಯುತ್ತಿದ್ದ ಕಾಲದ ಸೊಸೆಯಂದಿರು ಬೀದಿಯ ಉತ್ಸವವನ್ನೆಲ್ಲ ನೋಡಿದ್ದು ಈ ಸಂದಿಯಿಂದಲೇ. ‘ನಾನು ಮದುವೆಯಾಗಿ ಬಂದ ವರ್ಷ ಈ ಊರು ನೋಡಿದ್ದೇ ಈ ಕಡ್ಡಿ ಎಳೆದು’ ಎಂದು ಅಜ್ಜಿ ಕಡ್ಡಿಯ ಮೇಲೆ ಕೈಯಿಟ್ಟು ಹೇಳಿದರು.

ಮರ ಇಷ್ಟು ಕೆಲಸ ಮಾಡುವುದಕ್ಕೆ ಕಾರಣ ಅದು ಗಾಜಿನ ಹೊರಗಿರುವುದು. ಸಾದಾ ಗಾಜು ತನ್ನ ಮೇಲೆ ಬಿದ್ದ ಬಿಸಿಲಿನ ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚನ್ನು ಒಳಗೆ ಬಿಡುತ್ತದೆ. ಆ ಬಿಸಿಲು ನೆಲ, ಹಾಸಿಗೆ, ಪರದೆಯನ್ನು ಕಾಯಿಸುತ್ತದೆ. ಕಾದ ವಸ್ತುಗಳು ಬಿಡುವ ಶಾಖ ಮಾತ್ರ ಅದೇ ಗಾಜನ್ನು ತೂರಿ ಹೊರಹೋಗಲಾರದು. ಹಾಗಾಗಿ ಒಳಗೆ ಎಷ್ಟು ದಪ್ಪ ಪರದೆ ಎಳೆದರೂ ಕಣ್ಣಿಗೆ ಸಿಗುವಷ್ಟು ತಂಪು ಕೋಣೆಗೆ ಸಿಗದು. ಪಟ್ಟಿ ಬಾಗಿಲು ಹೊರಗೇ ಕಾಯುತ್ತದೆ, ಅದರ ಕಾವನ್ನು ಬೀದಿಯ ಗಾಳಿ ಹೊತ್ತೊಯ್ಯುತ್ತದೆ.

ಕಿಟಕಿಯ ಮೇಲೆ ಸಜ್ಜಾ ಇದೆಯಲ್ಲ ಎಂದು ಕೇಳುವವರಿದ್ದಾರೆ. ಬೆಂಗಳೂರಲ್ಲಿ ಏಪ್ರಿಲ್ 24–25ರ ಸುಮಾರಿಗೆ ನಡುಹಗಲ ಸೂರ್ಯ ಸರಿಯಾಗಿ ನೆತ್ತಿಯ ಮೇಲಿರುತ್ತಾನೆ, ನೆಟ್ಟ ಕಂಬಕ್ಕೆ ನೆರಳೇ ಇರುವುದಿಲ್ಲ. ಆ ಬಿಸಿಲು ಬೀಳುವುದು ಮಾಳಿಗೆಯ ಮೇಲೆ, ಅದಕ್ಕೆ ಸಜ್ಜಾ ಸಾಕು. ಕಾಡುವುದು ಮೂರು ಗಂಟೆಯ ನಂತರದ ಪಶ್ಚಿಮದ ಬಿಸಿಲು. ಸೂರ್ಯ ತಗ್ಗಿಗೆ ಇಳಿದು ಸಜ್ಜಾದ ಕೆಳಗಿನಿಂದಲೇ ನೇರ ಒಳನುಗ್ಗುತ್ತಾನೆ. ಅವನಿಗೆ ಎದುರು ನಿಲ್ಲಬಲ್ಲದ್ದು ನೆಟ್ಟಗೆ ನಿಂತ ಬಾಗಿಲೊಂದೇ. ರಾತ್ರಿ ತೆರೆದಿಡುವುದಕ್ಕೂ ಅಷ್ಟೇ ಗಟ್ಟಿ ಕಾರಣವಿದೆ. ಏಪ್ರಿಲ್‌ನಲ್ಲಿ ಇಲ್ಲಿ ಹಗಲು 34 ಡಿಗ್ರಿಯ ಆಸುಪಾಸಿದ್ದರೂ ನಸುಕಿಗೆ 22ಕ್ಕೆ ಇಳಿಯುತ್ತದೆ. ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಊರಿಗೆ ಸಿಕ್ಕ ವರ ಅದು. ರಾತ್ರಿಯ ತಂಪನ್ನು ದಪ್ಪ ಗೋಡೆಗಳು ಹೀರಿಕೊಂಡರೆ ಮಾರನೆಯ ಮಧ್ಯಾಹ್ನದವರೆಗೂ ಮನೆ ತಣ್ಣಗಿರುತ್ತದೆ. ತೀರಾ ಧಗೆಯಿದ್ದ ದಿನ ಲಾವಂಚದ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತಿದ್ದರು. ಒಣಹವೆಯಲ್ಲಿ ಆ ತೇವ ಆರುವಾಗ ಒಳಬರುವ ಗಾಳಿ ತಂಪಾಗುತ್ತಿತ್ತು, ಪರಿಮಳವೂ ಬರುತ್ತಿತ್ತು.

ಚಾಮರಾಜಪೇಟೆ ಬಡಾವಣೆ ಹುಟ್ಟಿದ್ದು 1892ರಲ್ಲಿ, ಹತ್ತನೆಯ ಚಾಮರಾಜೇಂದ್ರ ಒಡೆಯರ ಹೆಸರಿನಲ್ಲಿ. ಕೋಟೆ ಮತ್ತು ಹಳೆಯ ಪೇಟೆಯ ಇಕ್ಕಟ್ಟಿನಿಂದ ಹೊರಬಂದವರಿಗೆ ನೇರ ರಸ್ತೆ, ಅಗಲ ನಿವೇಶನ ಸಿಕ್ಕಿದವು. 1898ರ ಪ್ಲೇಗಿನ ನಂತರ ಬಸವನಗುಡಿ, ಮಲ್ಲೇಶ್ವರಗಳು ಬೆಳೆದಾಗ ಮನೆಗೆ ಗಾಳಿ ಬೆಳಕು ಬೇಕೆಂಬುದು ಬದುಕಿನ ಪ್ರಶ್ನೆಯೇ ಆಗಿತ್ತು. ದಂಡು ಪ್ರದೇಶದ ಬಂಗಲೆಗಳಿಂದ ಪಟ್ಟಿ ಬಾಗಿಲನ್ನೂ, ‘ಮಂಕಿ ಟಾಪ್’ ಎಂದು ಹೆಸರಾದ ಚೂಪುತುದಿಯ ಮರದ ಮರೆಯನ್ನೂ ಈ ಬಡಾವಣೆಗಳ ಮನೆಗಳು ತಮ್ಮದಾಗಿಸಿಕೊಂಡವು, ಜಗಲಿ, ತುಳಸಿಕಟ್ಟೆಗಳ ಜೊತೆಗೆ ಹೊಂದಿಸಿಕೊಂಡವು. ಪುದುಚೇರಿಯ ಫ್ರೆಂಚ್ ಬೀದಿಗಳಲ್ಲೂ, ಇಟಲಿ, ಸ್ಪೇನ್‌ಗಳ ಹಳೆಯ ಊರುಗಳಲ್ಲೂ ಮಧ್ಯಾಹ್ನ ಮುಚ್ಚಿಕೊಳ್ಳುವ ಕಿಟಕಿಗಳು ಇದರ ನೆಂಟರೇ.

ಕೂಗಳತೆಯಲ್ಲಿ ಕೋಟೆ ಹೈಸ್ಕೂಲ್ ಮೈದಾನವಿದೆ. ಅಲ್ಲಿ ಸಂಗೀತೋತ್ಸವ ನಡೆಸುವ ಶ್ರೀರಾಮಸೇವಾ ಮಂಡಳಿ 1939ರಲ್ಲಿ ಶುರುವಾದದ್ದು. ಅದರ ರಾಮನವಮಿ ಸಂಗೀತೋತ್ಸವ ಬೇಸಿಗೆಯ ನಡುವೆ ಬರುತ್ತದೆ. ಪಾನಕ, ಕೋಸಂಬರಿ ಹಂಚಿ ಮುಗಿಸಿ, ಪಶ್ಚಿಮದ ಬಾಗಿಲುಗಳನ್ನು ತೆರೆದಿಟ್ಟು, ಅಜ್ಜಿಯ ಮನೆಯವರೆಲ್ಲ ಕಚೇರಿಗೆ ಹೊರಡುತ್ತಿದ್ದರಂತೆ. ವಾಪಸು ಬರುವಷ್ಟರಲ್ಲಿ ಮನೆ ತಣ್ಣಗಾಗಿರುತ್ತಿತ್ತು.

ಪಟ್ಟಿ ಮುರಿದರೆ ಕೂರಿಸಿಕೊಡುವ ಆಚಾರಿ ಹಿಂದೆ ಬೀದಿಗೊಬ್ಬರಿದ್ದರು. ಈಗ ಈ ಮನೆಗೆ ಬರುವವರು ಒಬ್ಬರೇ, ಅವರಿಗೂ ವಯಸ್ಸಾಗಿದೆ. ತೇಗವೇ ಆಗಬೇಕು, ಬೇರೆ ಮರ ಮಳೆಗಾಲದಲ್ಲಿ ಸೊಟ್ಟಗಾಗಿ ಕಡ್ಡಿ ಆಡುವುದಿಲ್ಲ ಎನ್ನುತ್ತಾರೆ. ತೋಪಡ ಹಿಡಿದು ಪಟ್ಟಿಯ ಅಂಚನ್ನು ಇಳಿಜಾರಾಗಿ ಕೆತ್ತುವುದೇ ಕಷ್ಟದ ಕೆಲಸ, ಕೂದಲೆಳೆಯಷ್ಟು ಹೆಚ್ಚಾದರೂ ಬಾಗಿಲು ಕೂರದು. ಕೂಲಿ ದುಬಾರಿಯೆಂದು ಜನ ಹಿಂಜರಿಯುತ್ತಾರೆ, ಆಚಾರಿಯ ಮಗ ಈ ಕೆಲಸಕ್ಕೆ ಬಂದಿಲ್ಲ. ಅಜ್ಜಿಯ ಮಕ್ಕಳೂ ಹೊರದೇಶದಲ್ಲಿದ್ದಾರೆ. ಈ ನಿವೇಶನಕ್ಕೆ ಕೊಳ್ಳುವವರು ಬಂದು ಹೋಗುತ್ತಿದ್ದಾರೆ.

ಪಟ್ಟಿ ಬಾಗಿಲಿಗೂ ತೊಂದರೆಗಳುಂಟು. ದೂಳು ಕೂರುತ್ತದೆ, ವರ್ಷಕ್ಕೊಮ್ಮೆ ಉಪ್ಪುಕಾಗದದಲ್ಲಿ ಉಜ್ಜಿ ಎಣ್ಣೆ ಹಚ್ಚಬೇಕು, ಮುಚ್ಚಿದ ಕೋಣೆಯಲ್ಲಿ ಹಗಲಲ್ಲೇ ದೀಪ ಬೇಕಾಗಬಹುದು. ಆದರೆ ಅದನ್ನು ಕಿತ್ತು ನಾವು ತಂದುಕೊಂಡ ಸ್ಲೈಡಿಂಗ್ ಗಾಜಿನ ಕಿಟಕಿ ಅರ್ಧಕ್ಕಿಂತ ಹೆಚ್ಚು ತೆರೆಯುವುದೇ ಇಲ್ಲ. ಹಗಲು ಬಿಸಿಲನ್ನು ಬಹುಪಾಲು ಒಳಬಿಡುತ್ತದೆ, ರಾತ್ರಿ ಗಾಳಿಯನ್ನು ಅರ್ಧ ತಡೆಯುತ್ತದೆ. ನಮ್ಮ ಬೇಸಿಗೆಗೆ ಇದಕ್ಕಿಂತ ಒಗ್ಗದ ಕಿಟಕಿ ಇರಲಾರದು. 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಮುಟ್ಟಿದ ಊರಿದು. ಕೇಂದ್ರ ಸರ್ಕಾರವೇ 2018ರಲ್ಲಿ ತಂದ, ಮನೆಗಳ ಇಂಧನ ಉಳಿತಾಯದ ಸಂಹಿತೆ ‘ಇಕೋ ನಿವಾಸ್ ಸಂಹಿತಾ’ ಕೂಡ ಕಿಟಕಿಯ ಹೊರಗಿನ ನೆರಳನ್ನು ಲೆಕ್ಕಕ್ಕೆ ಹಿಡಿಯುತ್ತದೆ. ಬೆಂಗಳೂರಿನಂಥ ಹವೆಯ ಊರಲ್ಲಿ ತೆರೆಯಬಲ್ಲ ಕಿಟಕಿ ನೆಲದ ವಿಸ್ತೀರ್ಣದ ಶೇಕಡಾ 12.5ರಷ್ಟಾದರೂ ಇರಬೇಕು ಎನ್ನುತ್ತದೆ. ಅಜ್ಜಿಯ ಅತ್ತೆ ಗೋಡೆ ಮುಟ್ಟಿ ತಿಳಿದದ್ದೂ ಇದೇ ವಿದ್ಯೆ.

ಹಳೆಯ ಮನೆ ಕೆಡವುವ ಅನಿವಾರ್ಯ ಬಂದವರಲ್ಲಿ ಒಂದು ಕೋರಿಕೆ. ಪಟ್ಟಿ ಬಾಗಿಲುಗಳನ್ನು ತೂಕಕ್ಕೆ ಮಾರಬೇಡಿ, ಹೊಸ ಮನೆಯ ಪಶ್ಚಿಮದ ಕಿಟಕಿಗೆ ಉಳಿಸಿಕೊಳ್ಳಿ. ಹೊಸದಾಗಿ ಕಟ್ಟುವವರು ತೇಗ ದುಬಾರಿಯಾದರೆ ಅಲ್ಯುಮಿನಿಯಂ ಪಟ್ಟಿಯದ್ದನ್ನಾದರೂ ಹಾಕಿಸಿ, ಗಾಜಿನ ಹೊರಗಿದ್ದರೆ ಅದೂ ಬಿಸಿಲನ್ನು ತಡೆಯುತ್ತದೆ. ಆದರೆ ನಕ್ಷೆ ಬರೆಸುವಾಗಲೇ ಹೇಳಿಬಿಡಿ. ಗ್ರಿಲ್ ಹೊರಗೋಡೆಗೆ ಕೂತ ಮೇಲೆ ಬಾಗಿಲು ಬಿಚ್ಚಿಕೊಳ್ಳಲು ಜಾಗವೇ ಉಳಿಯುವುದಿಲ್ಲ.