ಕಾಲಿಗೆ ಪೆಟ್ಟಾದರೆ ಕೋರ್ಟು ಲೆಕ್ಕ ಹಾಕುವುದು ಹೇಗೆ?

ರಸ್ತೆ ಅಪಘಾತವಾದಾಗ ನಮ್ಮ ಮನೆಗಳಲ್ಲಿ ಮೊದಲು ಬರುವ ಮಾತು ತಕ್ದೀರ್. ಆ ಈಮಾನ್ ಸರಿಯೇ. ಆದರೆ ಅದೇ ಮಾತು ಹೇಳಿಕೊಂಡು ಹತ್ತಿಪ್ಪತ್ತು ಸಾವಿರಕ್ಕೆ ರಾಜಿಯಾಗಿ ಬರುವವರೂ ಇದ್ದಾರೆ. ಪರಿಹಾರ ಕೇಳುವುದರಿಂದ ತವಕ್ಕುಲ್ ಕಡಿಮೆಯಾಗುವುದಿಲ್ಲ. ಅರಿಯದೆ ಆದ ಕೊಲೆಗೂ ದಿಯತ್ ಕೊಡಬೇಕೆಂದು ಸೂರಃ ಅನ್ನಿಸಾದ 92ನೇ ಆಯತ್ ಹೇಳುತ್ತದೆ. ಮಾಫ್ ಮಾಡುವುದು ವಾರಸುದಾರರ ಇಷ್ಟ. ಗಾಯಕ್ಕೂ ಫಿಕ್ಹ್‌ನಲ್ಲಿ ಪರಿಹಾರವಿದೆ: ಒಂದು ಕಾಲು ಹೋದರೆ ಪೂರ್ಣ ದಿಯತ್‌ನ ಅರ್ಧ, ಅಂದರೆ 50 ಒಂಟೆ. ಕಸುಬು ಯಾವುದಾದರೂ ಅಷ್ಟೇ.

ನಮ್ಮ ಕೋರ್ಟುಗಳು ಮುಖ್ಯವಾಗಿ ನೋಡುವುದು, ಆ ಕಾಲಿಲ್ಲದೆ ಈ ಮನುಷ್ಯ ತನ್ನ ಕಸುಬು ಎಷ್ಟು ಮಾಡಬಲ್ಲ ಎಂದು. ಡಾಕ್ಟರ್ ಬರೆದ ಅಂಗವೈಕಲ್ಯದ ಶೇಕಡಾವೇ ದುಡಿಮೆಯ ನಷ್ಟವಲ್ಲ ಎಂದು ಸುಪ್ರೀಂ ಕೋರ್ಟ್ 2010ರಲ್ಲಿ ಸ್ಪಷ್ಟಪಡಿಸಿದೆ. ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಚೀಲ ಹೊರುವ ಹಮಾಲಿಗೂ ಅಂಗಡಿಯಲ್ಲಿ ಕೂತು ಲೆಕ್ಕ ಬರೆಯುವವನಿಗೂ ಒಂದೇ ಪೆಟ್ಟಾದರೂ ನಷ್ಟ ಒಂದೇ ಅಲ್ಲ. ಬಳ್ಳಾರಿಯ ಜೀನ್ಸ್ ಹೊಲಿಯುವ ದರ್ಜಿ ಕೂತೇ ಕೆಲಸ ಮಾಡುತ್ತಾನೆ, ನಿಜ. ಆದರೆ ಮೆಷಿನ್ ಓಡುವುದು ಅವನ ಪಾದದಿಂದ. ಇದನ್ನು ಯಾರಾದರೂ ಕೋರ್ಟಿಗೆ ಹೇಳಬೇಕಲ್ಲ!

ನಮ್ಮ ರಾಜ್ಯದ್ದೇ ಒಂದು ಪ್ರಕರಣ ನೋಡಿ. 24 ವರ್ಷದ ತರಕಾರಿ ವ್ಯಾಪಾರಿ 2008ರ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡ. ಆದಾಯಕ್ಕೆ ಕಾಗದಪತ್ರ ಇರಲಿಲ್ಲ. ತರಕಾರಿ ಮಾರುವವನಿಂದ ಸಂಬಳದ ದಾಖಲೆ ಕೇಳುವುದು ಸರಿಯಲ್ಲವೆಂದು ಸುಪ್ರೀಂ ಕೋರ್ಟ್ 2014ರಲ್ಲಿ ತಿಂಗಳಿಗೆ 6,500 ರೂಪಾಯಿ ಒಪ್ಪಿತು. ವ್ಯಾಪಾರವೆಂದರೆ ಕೂತು ಮಾರುವುದಷ್ಟೇ ಅಲ್ಲ, ಸಗಟು ಮಾರುಕಟ್ಟೆಗೆ ಹೋಗಿ ಮಾಲು ತರಬೇಕು, ಗಾಡಿ ತಳ್ಳಬೇಕು ಎಂದು ಗಮನಿಸಿ ನಷ್ಟವನ್ನು ಶೇ. 85 ಎಂದಿತು. ಮುಂದೆ ಹೆಚ್ಚುತ್ತಿದ್ದ ಆದಾಯಕ್ಕೆ ಶೇ. 50 ಸೇರಿ 9,750. ಅದನ್ನು 12 ತಿಂಗಳಿಂದ, ವಯಸ್ಸಿನ ಗುಣಕ 18ರಿಂದ ಗುಣಿಸಿ, ಶೇ. 85 ತೆಗೆದರೆ 17,90,100 ರೂಪಾಯಿ. ಆಸ್ಪತ್ರೆ ಖರ್ಚು, ನೋವಿನ ಪರಿಹಾರ ಬೇರೆ.

ಈಗ ಸ್ವಂತ ದುಡಿಮೆಯವರಿಗೆ ಸೇರಿಸುವುದು 40 ವರ್ಷದೊಳಗೆ ಶೇ. 40, ಐವತ್ತರವರೆಗೆ 25, ಅರವತ್ತರವರೆಗೆ 10. ಗುಣಕ 41ರಿಂದ 45 ವಯಸ್ಸಿಗೆ 14, 65 ದಾಟಿದರೆ 5. ಆದಾಯಕ್ಕೆ ಯಾವ ಪುರಾವೆಯೂ ಇಲ್ಲದಿದ್ದರೆ, ಅಪಘಾತವಾದ ವರ್ಷಕ್ಕೆ ತಕ್ಕಂತೆ ರಾಜ್ಯ ಕಾನೂನು ಸೇವಾ ಪ್ರಾಧಿಕಾರದ ಪಟ್ಟಿಯಿಂದ ಅಂದಾಜು ಆದಾಯ ಹಿಡಿಯುವುದುಂಟು. ಮನೆಯಲ್ಲೇ ದುಡಿಯುವ ಹೆಂಗಸರ ಕೆಲಸಕ್ಕೂ ಬೆಲೆ ಕಟ್ಟುತ್ತಾರೆ.

ಆದ್ದರಿಂದ ಎಫ್‌ಐಆರ್ ಪ್ರತಿ, ಡಿಸ್ಚಾರ್ಜ್ ಕಾರ್ಡ್, ಔಷಧದ ಪ್ರತಿ ಬಿಲ್ಲು ಜೋಪಾನ ಮಾಡಿ. ಕೆಲಸ ಕೊಟ್ಟವರಿಂದ, ಮಾಲು ಕೊಟ್ಟವರಿಂದ ಸಾಕ್ಷಿ ಹೇಳಿಸಿ. 2022ರ ಏಪ್ರಿಲ್ 1ರಿಂದ ಜಾರಿಗೆ ಬಂದ ತಿದ್ದುಪಡಿ ಅರ್ಜಿಗೆ ಆರು ತಿಂಗಳ ಗಡುವು ಹೇಳುತ್ತದೆ. ಗಾಯ ಮಾಯಲಿ ಎಂದು ಕಾಯಬೇಡಿ. ಆದೋನಿ ಕಡೆ ಅಪಘಾತವಾದ ಸಿರುಗುಪ್ಪದವರು ಆಂಧ್ರಕ್ಕೆ ಅಲೆಯಬೇಕಿಲ್ಲ, ತಾವು ವಾಸಿಸುವ ಕಡೆಯ ನ್ಯಾಯಮಂಡಳಿಯಲ್ಲೇ ಎಂ.ವಿ.ಸಿ. ಕೇಸು ಹಾಕಬಹುದು. ಮೇಲ್ಮನವಿ ಧಾರವಾಡ ಪೀಠಕ್ಕೆ. ಪರಿಹಾರಕ್ಕೆ ಸೇರಿ ಬರುವ ಬಡ್ಡಿಯ ಬಗ್ಗೆ ಅಳುಕಿದ್ದರೆ ಉಲಮಾಗಳನ್ನು ಕೇಳಿ. ಅದಕ್ಕಾಗಿ ಅಸಲು ಹಕ್ಕನ್ನೇ ಬಿಡುವುದು ಬೇಡ. ವಕೀಲರ ಫೀಸು ಕೊಡಲಾಗದ ಕುರುಗೋಡಿನ ಕೂಲಿಯವರಾಗಲಿ, ಯಾವುದೇ ಊರಿನ ಹೆಂಗಸರಾಗಲಿ, ಬಳ್ಳಾರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ನೆರವು ಕೇಳಬಹುದು. ಸಹಾಯವಾಣಿ 15100.