ಕಂಪ್ಯೂಟರಿಗೆ ಹಾಕಿದರೆ ತಪ್ಪೇ ಆಗುವುದಿಲ್ಲವೇ? ಒಂದು ಉತಾರದ ಲೆಕ್ಕ

‘ಡೇಟಾಬೇಸ್ ತಪ್ಪು ಮಾಹಿತಿಯನ್ನು ತಾನೇ ತಡೆಯುತ್ತದೆ’ ಎಂದು ಅನೇಕರು ನಂಬಿದ್ದಾರೆ. ಇದು ಅರ್ಧ ನಿಜ. ಬೆಳಗಾವಿ–ಖಾನಾಪುರ ರಸ್ತೆಯ ಪೀರನವಾಡಿಯಲ್ಲಿ ಸರ್ವೆ ನಂಬರ್ 45 ಎಂಬ ಹೊಲವಿದೆ ಎಂದು ಊಹಿಸಿಕೊಂಡು ನೋಡೋಣ.

ಗುರುತು ಒಂದೇ ಅಂಕಿಯಲ್ಲ

‘ಭೂಮಿ’ ತಾಣದಲ್ಲಿ ಪಹಣಿ, ಅಂದರೆ ಬೆಳಗಾವಿ ಕಡೆಯ ಉತಾರ, ಹುಡುಕಲು ಜಿಲ್ಲೆ, ತಾಲ್ಲೂಕು, ಹೋಬಳಿ, ಗ್ರಾಮ, ಸರ್ವೆ ನಂಬರ್, ಸರ್ನೋಕ್, ಹಿಸ್ಸಾ ಎಲ್ಲವನ್ನೂ ಆರಿಸಬೇಕು. 45ನೇ ನಂಬರ್ ಬೇರೆ ಊರಲ್ಲೂ ಇರಬಹುದು. ಹೀಗೆ ಹಲವು ಕಾಲಂ ಸೇರಿ ಆಗುವ ಗುರುತೇ ಕಾಂಪೋಸಿಟ್ ಕೀ.

ಇದೇ ಮಾಹಿತಿಯನ್ನು ಕಸಾಂಡ್ರದಂಥ ವೈಡ್-ಕಾಲಂ ಡೇಟಾಬೇಸಿಗೆ ಹಾಕಿದೆವೆನ್ನಿ. ಗ್ರಾಮ ಮತ್ತು ಸರ್ವೆ ನಂಬರ್ ಒಂದೇ ಇರುವ ಸಾಲುಗಳನ್ನು ಅದು ಒಟ್ಟಿಗೆ ಇಟ್ಟು, ಒಳಗೆ ಹಿಸ್ಸಾ ಪ್ರಕಾರ ಜೋಡಿಸುತ್ತದೆ.

ಯಾವುದನ್ನು ಹಿಡಿಯುತ್ತದೆ?

ಹಿಸ್ಸಾವನ್ನು ಪೂರ್ಣಾಂಕ ಎಂದು ಘೋಷಿಸಿದ್ದರೆ ‘1ಅ’ ಒಳಗೆ ಹೋಗದು. ಕೀಯ ಒಂದು ಭಾಗ ಕೊಡದಿದ್ದರೂ ಸಾಲು ಸೇರದು.

ಯಾವುದನ್ನು ಬಿಡುತ್ತದೆ?

ನಿಜವಾದ ಹಿಸ್ಸಾಗಳಲ್ಲಿ ಅಕ್ಷರಗಳಿರುವುದರಿಂದ ಪಠ್ಯ ಎಂದೇ ಘೋಷಿಸಬೇಕಾಗುತ್ತದೆ. ಆಗ ‘1ಅ’, ‘1 ಅ’, ‘1ಎ’ ಮೂರು ಬೇರೆ ಜಮೀನುಗಳಾಗುತ್ತವೆ. ಜೋಡಣೆಯಲ್ಲಿ ‘10’ ಎಂಬುದು ‘2’ಕ್ಕಿಂತ ಮೊದಲು ಬರುತ್ತದೆ.

ಇನ್ನೂ ಅಪಾಯದ್ದು ಇದು: ಹಿಸ್ಸಾವನ್ನು ಕೀಯಲ್ಲಿ ಸೇರಿಸಲು ಮರೆತರೆ 45/1, 45/2 ಎರಡಕ್ಕೂ ಒಂದೇ ಗುರುತು. ಎರಡನೆಯದನ್ನು ಬರೆದಾಗ ಮೊದಲನೆಯ ಮಾಲೀಕರ ಹೆಸರು ಅಳಿಸಿಹೋಗುತ್ತದೆ. ಎಚ್ಚರಿಕೆಯ ಸಂದೇಶವೂ ಬಾರದು.

ವಿಸ್ತೀರ್ಣದಲ್ಲೂ ಇದೇ ಕಥೆ. 2 ಎಕರೆ 20 ಗುಂಟೆಯನ್ನು 2.20 ಎಂದೂ, 1 ಎಕರೆ 30 ಗುಂಟೆಯನ್ನು 1.30 ಎಂದೂ ದಶಮಾಂಶದಲ್ಲಿ ಬರೆದರೆ ಒಟ್ಟು 3.50 ಬರುತ್ತದೆ. ಎಕರೆಗೆ 40 ಗುಂಟೆ; ಸರಿಯುತ್ತರ 4 ಎಕರೆ 10 ಗುಂಟೆ. ಟೈಪ್ ಸರಿ, ಲೆಕ್ಕ ತಪ್ಪು.

ಏನು ಮಾಡಬೇಕು?

- ಮಾಹಿತಿ ತುಂಬುವ ಮುನ್ನವೇ ಕೀ ಮತ್ತು ಟೈಪ್ ನಿರ್ಧರಿಸಿ. ಕಸಾಂಡ್ರದಲ್ಲಿ ಟೇಬಲ್ ಆದಮೇಲೆ ಕೀ ಬದಲಿಸಲಾಗದು. ಹೊಸ ಟೇಬಲ್ ಮಾಡಿ ಎಲ್ಲವನ್ನೂ ಮತ್ತೆ ತುಂಬಬೇಕು.
- ಹಿಸ್ಸಾದ ಅಂಕಿ ಮತ್ತು ಅಕ್ಷರವನ್ನು ಎರಡು ಕಾಲಂ ಮಾಡಿ. ಖಾಲಿ ಜಾಗ ತೆಗೆದು ಒಂದೇ ಲಿಪಿಯಲ್ಲಿ ಬರೆಯಿರಿ.
- ವಿಸ್ತೀರ್ಣವನ್ನು ಒಟ್ಟು ಗುಂಟೆಯಲ್ಲಿಡಿ: 100 ಮತ್ತು 70 ಸೇರಿ 170.
- ತುಂಬುವ ಮೊದಲು ಎಷ್ಟು ಸಾಲು, ತುಂಬಿದ ಮೇಲೆ ಎಷ್ಟು ಎಂದು ಎಣಿಸಿ. ಕಡಿಮೆ ಬಂದರೆ ಯಾರದೋ ಹೊಲ ಕಾಣೆಯಾಗಿದೆ ಎಂದರ್ಥ.

ಟೈಪ್ ತಪಾಸಣೆ ನೋಡುವುದು ಬರೆದದ್ದು ಅಂಕಿಯೋ ಅಕ್ಷರವೋ ಎಂಬುದನ್ನು ಮಾತ್ರ. ಅದು ಯಾರ ಹೊಲ ಎಂಬುದನ್ನು ನಾವೇ ನೋಡಬೇಕು.